ರಾಕ್ ಶೋ ಮುಗಿದ ಮೇಲೆ ಎರಡು ದಿನ ಕಿವಿ ಗುಂಯ್ ಅಂದಿತ್ತು: ಈ ಸಲ ಮಗಳನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಮ್ಮೂರಿನ ಅರೇನಾದಲ್ಲಿ ಪ್ರತಿ ವರ್ಷ ರಜೆಯ ದಿನಗಳಲ್ಲಿ ದೊಡ್ಡ ರಾಕ್ ಕಾರ್ಯಕ್ರಮ ನಡೆಯುತ್ತದೆ. ಗಿಟಾರ್, ಡ್ರಮ್ಸ್, ಲೇಸರ್, ಬೆಂಕಿಯ ಜ್ವಾಲೆ ಎಲ್ಲವೂ ಇರುತ್ತದೆ. ಕಳೆದ ವರ್ಷ ನಾನೂ ನನ್ನ ಗಂಡನೂ ಹೋಗಿದ್ದೆವು. ವೇದಿಕೆಯ ಹತ್ತಿರ, ಸ್ಪೀಕರ್ ಎದುರಿಗೇ ಸೀಟು ಸಿಕ್ಕಿತ್ತು. ಹೊರಗೆ ಬಂದಾಗ ಕಿವಿ ಕಟ್ಟಿಕೊಂಡಿತ್ತು, ಪಕ್ಕದವರ ಮಾತೂ ಸರಿಯಾಗಿ ಕೇಳಲಿಲ್ಲ. ಎರಡು ದಿನ ಗುಂಯ್ ಅನ್ನುವ ಸದ್ದಿತ್ತು, ಆಮೇಲೆ ತಾನಾಗಿಯೇ ಹೋಯಿತು. ನನ್ನ ಗಂಡನಿಗೆ ಏನೂ ಆಗಲಿಲ್ಲ. "ನಿನಗೆ ಅಭ್ಯಾಸ ಇಲ್ಲ, ಎರಡು ಮೂರು ಶೋ ನೋಡಿದರೆ ಕಿವಿ ಹೊಂದಿಕೊಳ್ಳುತ್ತೆ" ಅನ್ನುತ್ತಾರೆ. ಈ ವರ್ಷ ಒಂಬತ್ತು ವರ್ಷದ ಮಗಳು ತಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಿಯರಿಂಗ್ ಏಡ್ ಹಾಕುವ ನಮ್ಮ ಮಾವನವರಿಗೂ ಬರುವ ಆಸೆ. ಒಬ್ಬ ಗೆಳತಿ ಹತ್ತಿ ಇಟ್ಟುಕೊಂಡರೆ ಸಾಕು ಅನ್ನುತ್ತಾಳೆ. ಇನ್ನೊಬ್ಬಳು, ಒಮ್ಮೆ ಹಾಗಾದ ಮೇಲೆ ಜೋರು ಸಂಗೀತದ ಹತ್ತಿರ ಸುಳಿಯಲೇಬಾರದು ಅನ್ನುತ್ತಾಳೆ. ನಾನು ಯಾರ ಮಾತು ಕೇಳಲಿ?

ಉತ್ತರ: ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ, ಮಾವನವರನ್ನೂ ಕರೆದುಕೊಂಡು ಹೋಗಿ. ಆದರೆ ಕಳೆದ ವರ್ಷದ ಹಾಗೆ ಬರಿಗಿವಿಯಲ್ಲಿ ಬೇಡ, ಅದೇ ಸೀಟಿನಲ್ಲಂತೂ ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಎರಡು ಆತಂಕ ಕಾಣಿಸಿದವು. ಆ ಎರಡು ದಿನಗಳಲ್ಲಿ ನಿಮ್ಮ ಕಿವಿಗೆ ಒಳಗೊಳಗೇ ಏನಾದರೂ ಆಗಿಹೋಯಿತಾ ಅನ್ನುವುದು ಒಂದು. ಗೊತ್ತಿದ್ದೂ ಮಗುವನ್ನು ಅದೇ ಸದ್ದಿನ ಮುಂದೆ ತಂದು ಕೂರಿಸುತ್ತಿದ್ದೇನಾ ಅನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಆತಂಕವೇ. ಕಿವಿ ಪರೀಕ್ಷೆ ಮಾಡುವ ಕೆಲಸ ನನ್ನದು. ರಜೆ ಮುಗಿದ ವಾರದಲ್ಲಿ ಇದೇ ದೂರು ಹೇಳಿಕೊಂಡು ಬರುವವರು ಜಾಸ್ತಿ. ಅವರಲ್ಲಿ ಹೆಚ್ಚಿನವರು, "ಗುಗ್ಗೆ ತುಂಬಿರಬೇಕು, ಸ್ವಲ್ಪ ಕ್ಲೀನ್ ಮಾಡಿಬಿಡಿ" ಅನ್ನುತ್ತಾರೆ. ಗುಗ್ಗೆ ತೆಗೆದರೂ ಆ ಕಟ್ಟಿಕೊಂಡ ಭಾವ ಹೋಗುವುದಿಲ್ಲ. ತೊಂದರೆ ಇರುವುದು ಇನ್ನೂ ಒಳಗೆ.

ಕಿವಿತಮಟೆಯ ಆಚೆ, ಮೂಳೆಯ ಒಳಗೆ, ಸುರುಳಿ ಸುತ್ತಿಕೊಂಡಿರುವ ಒಂದು ಪುಟ್ಟ ಅಂಗವಿದೆ. ಅದರ ಹೆಸರು ಕಾಕ್ಲಿಯ. ಒಂದೊಂದು ಕಿವಿಯ ಕಾಕ್ಲಿಯದಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಸದ್ದಿನ ಅಲೆ ಬಂದಾಗ ಈ ಕೋಶಗಳ ತುದಿಯ ನವಿರಾದ ರೋಮಗಳು ಬಾಗುತ್ತವೆ, ಆ ಬಾಗುವಿಕೆಯೇ ನರದ ಸಂದೇಶವಾಗಿ ಮೆದುಳಿಗೆ ಹೋಗುತ್ತದೆ. ಜೋರು ಸದ್ದು ಗಂಟೆಗಟ್ಟಲೆ ಬಡಿಯುತ್ತಿದ್ದರೆ ಈ ಕೋಶಗಳು ಸುಸ್ತಾಗುತ್ತವೆ, ಅವುಗಳಿಗೆ ಅಂಟಿಕೊಂಡ ನರದ ತುದಿಗಳು ಊದಿಕೊಳ್ಳುತ್ತವೆ. ಆಗ ಸಣ್ಣ ಸದ್ದು ಕೇಳುವುದಿಲ್ಲ, ಕಿವಿ ಮುಚ್ಚಿದ ಹಾಗನ್ನಿಸುತ್ತದೆ. ಒಳಗಿನಿಂದ ಬರುವ ಸಂದೇಶ ಕಡಿಮೆಯಾದಾಗ ಮೆದುಳು ತನ್ನ ಕಡೆಯಿಂದ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ನಿಮಗೆ ಕೇಳಿದ ಗುಂಯ್ ಸದ್ದಿಗೆ ಇದೇ ಮುಖ್ಯ ಕಾರಣ ಎಂದು ನಾವು ತಿಳಿದುಕೊಂಡಿದ್ದೇವೆ.

ನಿಮಗೆ ಆದದ್ದು ತಾತ್ಕಾಲಿಕ ಶ್ರವಣ ಕುಸಿತ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕೇಳುವ ಮಟ್ಟ ಮೊದಲಿನ ಜಾಗಕ್ಕೆ ಬರುತ್ತದೆ. ನಿಮಗೂ ಹಾಗೇ ಆಯಿತು. ಇದು ಒಳ್ಳೆಯ ಸುದ್ದಿಯೇ, ಒಂದು ಶೋದಿಂದ ಕಿವುಡಾಗಿಬಿಟ್ಟೆ ಎಂದು ಹೆದರಬೇಕಾಗಿಲ್ಲ. ಆದರೆ ಸದ್ದು ಹೋಯಿತು ಎಂದರೆ ಏನೂ ಆಗಿರಲಿಲ್ಲ ಎಂದರ್ಥವಲ್ಲ. ನಿಮ್ಮ ಇಡೀ ಪತ್ರಕ್ಕೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಇಪ್ಪತ್ತು ವರ್ಷದ ಹಿಂದೆ ನಾವೂ "ಟೆಸ್ಟ್ ನಾರ್ಮಲ್ ಬಂದಿದೆ, ಕಿವಿ ಪೂರ್ತಿ ಚೇತರಿಸಿಕೊಂಡಿದೆ" ಎಂದು ಹೇಳಿ ಕಳಿಸುತ್ತಿದ್ದ ಕಾಲ ಅದು. 2009ರಲ್ಲಿ ಶಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಅವರು ಇಲಿಗಳಿಗೆ ಎರಡು ಗಂಟೆ 100 ಡೆಸಿಬೆಲ್ ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಅವುಗಳಿಗೆ ಕೇಳುವ ಮಟ್ಟ ಮೊದಲಿನಂತಾಯಿತು. ರೋಮಕೋಶಗಳೂ ಉಳಿದಿದ್ದವು. ಆದರೆ ಸದ್ದು ಜಾಸ್ತಿ ಬಡಿದ ಭಾಗದಲ್ಲಿ ಕೋಶಕ್ಕೂ ನರಕ್ಕೂ ಇರುವ ಸಂಪರ್ಕದ ಬಿಂದುಗಳಲ್ಲಿ ಅರ್ಧದಷ್ಟು ನಾಶವಾಗಿದ್ದವು. ಅವು ಮರಳಿ ಬರಲಿಲ್ಲ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಗದ್ದಲದ ನಡುವೆ ಮಾತು ತಿಳಿಯುವುದಿಲ್ಲ ಎಂದು ಬಂದವರ ಟೆಸ್ಟ್ ವರದಿ ನಾರ್ಮಲ್ ಇದ್ದಾಗ, ಹಿಂದಿನ ಹಾಗೆ "ಏನೂ ಇಲ್ಲ, ಹೋಗಿ" ಎಂದು ಹೇಳಲು ನಮಗೆ ಈಗ ಮನಸ್ಸಾಗುವುದಿಲ್ಲ.

ಇನ್ನು ರೋಮಕೋಶವೇ ಸತ್ತರೆ ಅದು ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತದೆ. ಕೋಳಿಮರಿಯ ಕಿವಿಯಲ್ಲಿ ಹೊಸ ರೋಮಕೋಶ ಬೆಳೆಯುವುದನ್ನು 1980ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಆ ಭಾಗ್ಯ ನಮಗಿಲ್ಲ. ಹುಟ್ಟುವಾಗ ಬಂದದ್ದೇ ಕೊನೆತನಕ.

ಈಗ ನಿಮ್ಮವರ ಮಾತಿಗೆ ಬರೋಣ. ಕಿವಿ ಅಭ್ಯಾಸವಾಗಿ ಗಟ್ಟಿಯಾಗುವುದಿಲ್ಲ. ಕೈಯ ಚರ್ಮ ದಡ್ಡುಗಟ್ಟುತ್ತದೆ, ಕಾಕ್ಲಿಯಕ್ಕೆ ಆ ಗುಣ ಇಲ್ಲ. ಮೊದಲ ಸಲ ಜೋರಾಗಿ ಕೇಳಿದ್ದು ಮೂರನೇ ಸಲ ಅಷ್ಟೇನೂ ಜೋರು ಅನ್ನಿಸದಿದ್ದರೆ, ಅದು ಹೊಂದಿಕೊಂಡ ಲಕ್ಷಣಕ್ಕಿಂತ ಕಳೆದುಕೊಂಡ ಲಕ್ಷಣ ಇರುವ ಸಾಧ್ಯತೆಯೇ ಹೆಚ್ಚು. ಅಭ್ಯಾಸದಿಂದ ಕಿವಿ ಗಟ್ಟಿಯಾಗುವುದು ನಿಜವಾಗಿದ್ದರೆ ರಾಕ್ ಸಂಗೀತಗಾರರ ಕಿವಿ ಜಗತ್ತಿನಲ್ಲೇ ಗಟ್ಟಿಯಾಗಿರಬೇಕಿತ್ತು, ಅಲ್ವಾ? 'ದಿ ಹೂ' ತಂಡ 1976ರಲ್ಲಿ ಲಂಡನ್ನಿನಲ್ಲಿ ನುಡಿಸಿದಾಗ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ದಾಖಲಾಗಿತ್ತು. ಅತಿ ಜೋರಿನ ಸಂಗೀತ ಕಾರ್ಯಕ್ರಮ ಎಂದು ಅದು ಗಿನ್ನೆಸ್ ದಾಖಲೆಯೂ ಆಯಿತು. ಮುಂದೆ ಜನರ ಕಿವಿಗೆ ಹಾನಿಯಾಗುತ್ತದೆಂದು ಗಿನ್ನೆಸ್‌ನವರು ಆ ವಿಭಾಗವನ್ನೇ ಕೈಬಿಟ್ಟರು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮಗಿರುವ ಶ್ರವಣ ನಷ್ಟ ಮತ್ತು ಕಿವಿ ಮೊರೆತದ ಬಗ್ಗೆ ದಶಕಗಳಿಂದ ಬಹಿರಂಗವಾಗಿ ಮಾತಾಡುತ್ತಾ ಬಂದಿದ್ದಾರೆ. ಎಸಿ/ಡಿಸಿ ತಂಡದ ಗಾಯಕ ಬ್ರಯನ್ ಜಾನ್ಸನ್ 2016ರಲ್ಲಿ ಪ್ರವಾಸವನ್ನು ಅರ್ಧಕ್ಕೇ ಬಿಡಬೇಕಾಯಿತು. ಹೀಗೇ ಮುಂದುವರಿದರೆ ಪೂರ್ತಿ ಕಿವುಡಾಗುತ್ತೀರಿ ಎಂದು ವೈದ್ಯರು ಎಚ್ಚರಿಸಿದ್ದರು. ಅವರಷ್ಟು ಅಭ್ಯಾಸ ಯಾರಿಗಿದೆ?

ಹಾಗಾದರೆ ನಿಮ್ಮವರಿಗೆ ಯಾಕೆ ಏನೂ ಆಗಲಿಲ್ಲ? ಒಂದೇ ಸದ್ದಿಗೆ ಎಲ್ಲರ ಕಿವಿಯೂ ಒಂದೇ ತರ ಸೋಲುವುದಿಲ್ಲ. ಅದರಲ್ಲಿ ಹುಟ್ಟಿನ ಗುಣವೂ ಸೇರಿದೆ. ಕೆಲವರ ಕಿವಿ ಬೇಗ ಸೋಲುತ್ತದೆ, ಕೆಲವರದು ನಿಧಾನ. ಯಾರದು ಯಾವುದು ಎಂದು ಮೊದಲೇ ಹೇಳುವ ಪರೀಕ್ಷೆ ಸದ್ಯಕ್ಕಿಲ್ಲ. ಇನ್ನೊಂದು ಸಾಧ್ಯತೆ, ಅವರಿಗೂ ಆಗಿದೆ, ಗೊತ್ತಾಗಿಲ್ಲ. ಜೋರು ಸದ್ದಿನ ಪೆಟ್ಟು ಮೊದಲು ಬೀಳುವುದು 3,000ದಿಂದ 6,000 ಹರ್ಟ್ಸ್ ನಡುವಿನ ತೀಕ್ಷ್ಣ ಸ್ವರಗಳ ಮೇಲೆ. ಮಾತಿನಲ್ಲಿ ಸ, ಶ, ಫ ತರದ ಮೆಲುವಾದ ಸದ್ದುಗಳು ಇರುವುದು ಸುಮಾರು ಆ ಭಾಗದಲ್ಲೇ. ಅಲ್ಲಿ ಸ್ವಲ್ಪ ಕಳೆದುಹೋದರೆ ಶಾಂತವಾದ ಕೋಣೆಯಲ್ಲಿ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಹತ್ತು ಜನ ಸೇರಿದ ಕಡೆ ಮಾತ್ರ "ಏನಂದ್ರಿ?" ಎಂದು ಎರಡೆರಡು ಸಲ ಕೇಳುವಂತಾಗುತ್ತದೆ. ನಿಮ್ಮವರು ಹಾಗೆ ಕೇಳುತ್ತಾರಾ, ಸ್ವಲ್ಪ ಗಮನಿಸಿ.

ಇನ್ನು ಮುಂದೆ ಹೋಗಲೇಬಾರದು ಅನ್ನುವ ಗೆಳತಿಯ ಮಾತು ಇನ್ನೊಂದು ತುದಿ. ಅದಕ್ಕೂ ಆಧಾರ ಇಲ್ಲ. ಹಾನಿ ಆಗುವುದು ಸಂಗೀತದಿಂದಲ್ಲ, ಒಟ್ಟು ಪ್ರಮಾಣದಿಂದ. ಎಷ್ಟು ಜೋರು, ಎಷ್ಟು ಹೊತ್ತು, ಎರಡನ್ನೂ ಗುಣಿಸಿ ನೋಡಬೇಕು. ಬಕೆಟ್ಟಿಗೆ ನಲ್ಲಿ ಬಿಟ್ಟ ಹಾಗೆ ಇದು. ಸಣ್ಣ ಧಾರೆಯಾದರೆ ತುಂಬಲು ಇಡೀ ದಿನ ಬೇಕು, ಪೂರ್ತಿ ತಿರುಗಿಸಿದರೆ ಕಾಲು ಗಂಟೆ ಸಾಕು.

ಈ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಡೆಸಿಬೆಲ್ ಅಂಕಿ ನಮ್ಮನ್ನು ಮೋಸಗೊಳಿಸುತ್ತದೆ. 97ಕ್ಕೂ 100ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಪ್ರತಿ 3 ಡೆಸಿಬೆಲ್ ಏರಿದಾಗ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷೆಯ ಸಂಶೋಧನಾ ಸಂಸ್ಥೆ ನಯೋಷ್ ಕೆಲಸದ ಜಾಗಕ್ಕೆ ಹೇಳುವ ಮಿತಿ ದಿನಕ್ಕೆ 85 ಡೆಸಿಬೆಲ್‌ನಲ್ಲಿ 8 ಗಂಟೆ. 88 ಆದರೆ 4 ಗಂಟೆ, 91 ಆದರೆ 2 ಗಂಟೆ. ಹೀಗೆ ಅರ್ಧರ್ಧ ಆಗುತ್ತಾ 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು ಬರೀ 15 ನಿಮಿಷ. ಸರಾಸರಿ 100 ಡೆಸಿಬೆಲ್ ಇರುವ ರಾಕ್ ಶೋ ಅಪರೂಪವೇನಲ್ಲ. ಅಂಥ ಶೋದಲ್ಲಿ ಎರಡೂವರೆ ಗಂಟೆ ಬರಿಗಿವಿಯಲ್ಲಿ ಕೂತರೆ ಹತ್ತು ದಿನದ ಪಾಲು ಒಂದೇ ರಾತ್ರಿಯಲ್ಲಿ ಕಿವಿಗೆ ಬಿತ್ತು.

ಈ ಮಿತಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. 40 ವರ್ಷ ದಿನಾ ಕೆಲಸ ಮಾಡುವ ವಯಸ್ಕರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅದು. ಒಂದು ಸಲ ದಾಟಿದ ಕೂಡಲೇ ಕಿವಿ ಹೋಗುತ್ತದೆ ಎಂದಲ್ಲ. ಹಾಗೆಯೇ ಮಿತಿಯೊಳಗಿದ್ದವರಿಗೆಲ್ಲ ಪೂರ್ತಿ ರಕ್ಷಣೆ ಎಂದೂ ಅಲ್ಲ. 85 ಡೆಸಿಬೆಲ್‌ನಲ್ಲಿ ಜೀವನವಿಡೀ ದುಡಿದವರಲ್ಲಿ ನೂರಕ್ಕೆ 8 ಜನರಿಗೆ ಹೆಚ್ಚುವರಿಯಾಗಿ ಶ್ರವಣ ನಷ್ಟ ಆಗಬಹುದು ಎಂದು ಆ ಸಂಸ್ಥೆಯೇ ಅಂದಾಜಿಸಿದೆ.

ಸಂಗೀತದ ಜಾಗಗಳಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಮಾನದಂಡ ತಂದಿದೆ. ಯಾವುದೇ 15 ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು, ಸದ್ದನ್ನು ಅಳೆಯುತ್ತಿರಬೇಕು, ಬಂದವರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಶಾಂತವಾದ ಜಾಗ ಇರಬೇಕು ಎಂದು ಅದು ಹೇಳುತ್ತದೆ. ಕೆಲವು ದೇಶಗಳು ಇದಕ್ಕೂ ಮೊದಲೇ ಕಾನೂನು ಮಾಡಿವೆ. ಸ್ವಿಟ್ಜರ್ಲೆಂಡಿನಲ್ಲಿ ಸದ್ದು 93 ಡೆಸಿಬೆಲ್ ದಾಟುವ ಕಾರ್ಯಕ್ರಮಗಳಲ್ಲಿ ಇಯರ್‌ಪ್ಲಗ್ ಉಚಿತವಾಗಿ ಕೊಡಲೇಬೇಕು. ನೀವು ಹೋಗುವ ಅರೇನಾದಲ್ಲಿ ಏನು ವ್ಯವಸ್ಥೆ ಇದೆ ಎಂದು ಮೊದಲೇ ಒಂದು ಫೋನ್ ಮಾಡಿ ಕೇಳಿ. ಕೇಳುವವರು ಹೆಚ್ಚಾದಷ್ಟೂ ವ್ಯವಸ್ಥೆ ಸುಧಾರಿಸುತ್ತದೆ.

ಸೀಟಿನ ವಿಷಯ. ಟಿಕೆಟ್ ಇನ್ನೂ ತೆಗೆದುಕೊಂಡಿಲ್ಲವಾದರೆ ಸ್ಪೀಕರ್‌ಗಳ ನೇರ ಎದುರಿನ ಸಾಲು ಬಿಟ್ಟುಬಿಡಿ. ವೇದಿಕೆಯ ಎರಡೂ ಬದಿಯಲ್ಲಿ ಸಾಲಾಗಿ ತೂಗುಹಾಕಿರುವ ಸ್ಪೀಕರ್‌ಗಳ ಜೊತೆಗೆ, ನೆಲದ ಮೇಲೆ ಬೇಸ್ ಸ್ಪೀಕರ್‌ಗಳೂ ಇರುತ್ತವೆ. ಅವುಗಳ ಹತ್ತಿರ ಕೂತವರಿಗೆ ಜಾಸ್ತಿ ಪೆಟ್ಟು. ನನ್ನನ್ನು ಕೇಳಿದರೆ, ಸೌಂಡ್ ಎಂಜಿನಿಯರ್ ಕೂತು ಧ್ವನಿ ಹೊಂದಿಸುವ ಮೇಜಿನ ಆಸುಪಾಸು ಒಳ್ಳೆಯದು. ಅವರು ಹೊಂದಿಸುವುದು ಆ ಜಾಗದಲ್ಲಿ ಕೇಳಿಸಿದ ಹಾಗೆ, ಅದರಿಂದ ಸಂಗೀತವೂ ಅಲ್ಲಿ ಚೆನ್ನಾಗಿ ಕೇಳುತ್ತದೆ. ಆದರೆ ಹಿಂದೆ ಕೂತರೆ ಸಾಕು ಎಂದುಕೊಳ್ಳಬೇಡಿ. ತೆರೆದ ಮೈದಾನದಲ್ಲಿ ದೂರ ಹೋದಂತೆ ಸದ್ದು ಬೇಗ ಇಳಿಯುತ್ತದೆ. ಅರೇನಾದಲ್ಲಿ ಗೋಡೆ, ಚಾವಣಿ, ಕಾಂಕ್ರೀಟ್ ಮೆಟ್ಟಿಲು ಎಲ್ಲವೂ ಸದ್ದನ್ನು ವಾಪಸ್ ತಳ್ಳುತ್ತವೆ. ದೂರದ ಸೀಟಿಗೂ ಸದ್ದು ತಲುಪಲೆಂದೇ ಆ ಸ್ಪೀಕರ್‌ಗಳ ಸಾಲನ್ನು ಹೊಂದಿಸಿರುತ್ತಾರೆ. ಸೀಟು ಬದಲಾಯಿಸುವುದರಿಂದ ಸ್ವಲ್ಪ ಲಾಭ ಇದೆ, ಪೂರ್ತಿ ಕೆಲಸ ಆಗುವುದಿಲ್ಲ.

ಫೋನಿನ ಆ್ಯಪ್‌ನಲ್ಲಿ ಅಳೆಯಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಅಂದಾಜಿಗೆ ಪರವಾಗಿಲ್ಲ. ಆದರೆ ಫೋನಿನ ಮೈಕ್ ಇರುವುದು ಮಾತಿಗೆ. ತುಂಬಾ ಜೋರು ಸದ್ದಿನಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸಬಹುದು. ಕೈ ಚಾಚಿದಷ್ಟು ದೂರದಲ್ಲಿರುವವರ ಜೊತೆ ಕಿರುಚಿ ಮಾತಾಡಬೇಕಾದರೆ ಸದ್ದು ಅಪಾಯದ ಮಟ್ಟದಲ್ಲಿದೆ ಎಂದೇ ಇಟ್ಟುಕೊಳ್ಳಿ.

ನಿಜವಾದ ರಕ್ಷಣೆ ಇಯರ್‌ಪ್ಲಗ್. ಹತ್ತಿಯ ಮಾತು ಇಲ್ಲಿಗೇ ಮುಗಿಸಿಬಿಡುತ್ತೇನೆ. ಹತ್ತಿ ಅಥವಾ ಟಿಶ್ಯೂ ತುರುಕಿದರೆ ಇಳಿಯುವುದು ಹೆಚ್ಚೆಂದರೆ ಐದಾರು ಡೆಸಿಬೆಲ್. ರಕ್ಷಣೆ ಇದೆ ಎಂಬ ಧೈರ್ಯ ಬರುತ್ತದೆ, ಆ ಧೈರ್ಯದಲ್ಲಿ ಸ್ಪೀಕರ್ ಹತ್ತಿರ ಹೋಗಿ ನಿಲ್ಲುತ್ತಾರೆ. ಅದೇ ಅದರ ದೊಡ್ಡ ಅಪಾಯ.

ಪ್ಲಗ್‌ಗಳಲ್ಲಿ ಅಗ್ಗದ್ದು ಫೋಮ್. ಸರಿಯಾಗಿ ಹಾಕಿದರೆ ಅತಿ ಹೆಚ್ಚು ಸದ್ದು ತಡೆಯುವುದೂ ಅದೇ. ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಡಬ್ಬಿಯ ಮೇಲೆ 30ರ ಆಸುಪಾಸಿನ ಸಂಖ್ಯೆ ಬರೆದಿರುತ್ತದೆ. ಅದು ಪ್ರಯೋಗಾಲಯದ ಲೆಕ್ಕ. ನಿಜ ಜೀವನದಲ್ಲಿ ಅದರ ಅರ್ಧ ಸಿಕ್ಕಿತು ಎಂದುಕೊಳ್ಳಿ. ಫೋಮ್ ತೀಕ್ಷ್ಣ ಸ್ವರಗಳನ್ನು ಹೆಚ್ಚು ತಡೆದು ಬೇಸ್ ಅನ್ನು ಬಿಡುತ್ತದೆ. ಹಾಗಾಗಿ ಹಾಡು ಮಂಕಾಗಿ ಕೇಳುತ್ತದೆ. "ಪ್ಲಗ್ ಹಾಕಿದರೆ ಮಜಾ ಹೋಗುತ್ತೆ" ಎಂಬ ದೂರು ಬಂದಿರುವುದು ಇದರಿಂದಲೇ. ಇದಕ್ಕೆ ಪರಿಹಾರ ಫಿಲ್ಟರ್ ಇರುವ ಸಂಗೀತಗಾರರ ಪ್ಲಗ್. 1980ರ ದಶಕದ ಕೊನೆಯಿಂದ ಇವು ಸಿಗುತ್ತಿವೆ. ಎಲ್ಲ ಸ್ವರಗಳನ್ನೂ ಹೆಚ್ಚೂಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಸುತ್ತವೆ, ಆದ್ದರಿಂದ ಹಾಡಿನ ರೂಪ ಕೆಡುವುದಿಲ್ಲ. ತುಂಬಾ ಜೋರಿದ್ದಾಗ ಕಿವಿಯೊಳಗೇ ಧ್ವನಿ ಒಡೆಯುತ್ತದೆ. ಅದನ್ನು ಇಳಿಸಿದಾಗ ಸಾಹಿತ್ಯ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ ಎಂದು ಹೇಳಿದವರು ನನ್ನಲ್ಲಿಗೆ ಬರುವವರಲ್ಲೇ ಎಷ್ಟೋ ಜನ ಇದ್ದಾರೆ. ಕಿವಿಯ ಅಚ್ಚು ತೆಗೆದು ಮಾಡಿಸುವ ಪ್ಲಗ್ ಇನ್ನೂ ಚೆನ್ನ, ಆದರೆ ದುಬಾರಿ. ವರ್ಷಕ್ಕೊಂದು ಶೋ ನೋಡುವವರಿಗೆ ಅದು ಬೇಕೇಬೇಕು ಎಂದು ನಾನು ಹೇಳುವುದಿಲ್ಲ.

ಫೋಮ್ ಹಾಕುವ ಕ್ರಮವನ್ನು ಬಹಳ ಜನ ತಪ್ಪಾಗಿ ಮಾಡುತ್ತಾರೆ. ಬಾಗಿಲಿಗೆ ಬಿರಡೆ ಇಟ್ಟ ಹಾಗೆ ಹೊರಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಮೊದಲು ಕೈ ತೊಳೆದುಕೊಳ್ಳಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು, ಸುಕ್ಕಿಲ್ಲದ ತೆಳು ಬತ್ತಿಯಷ್ಟು ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗೆ ತಳ್ಳಿ, ಅದು ಹಿಗ್ಗುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಿ. ಸರಿಯಾಗಿ ಕೂತಿದ್ದರೆ ನಿಮ್ಮ ಸ್ವಂತ ಧ್ವನಿ ನಿಮಗೇ ಗುಡುಗುಡು ಕೇಳುತ್ತದೆ. ಹಾಡು ಶುರುವಾದ ಮೇಲೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಗಣನೀಯವಾಗಿ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ, ಮತ್ತೆ ಹಾಕಿ. ಮನೆಯಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿಕೊಂಡೇ ಹೋಗಿ, ಕತ್ತಲಲ್ಲಿ ನೂಕುನುಗ್ಗಲಿನಲ್ಲಿ ಕಲಿಯುವ ಕೆಲಸ ಅಲ್ಲ ಇದು. ಕಿವಿಯಲ್ಲಿ ಸೋರಿಕೆ ಇದ್ದರೆ ಅಥವಾ ತಮಟೆ ತೂತಾಗಿದ್ದರೆ ವೈದ್ಯರನ್ನು ಕೇಳದೆ ಪ್ಲಗ್ ಹಾಕಬೇಡಿ.

ಇದರಿಂದ ನಿಜವಾಗಿ ವ್ಯತ್ಯಾಸ ಆಗುತ್ತದಾ? ಆಗುತ್ತದೆ. 2015ರಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಸಂಗೀತೋತ್ಸವದಲ್ಲಿ 51 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ಲಗ್, ಇನ್ನೊಂದಕ್ಕೆ ಇಲ್ಲ. ನಾಲ್ಕೂವರೆ ಗಂಟೆ, ಸರಾಸರಿ 100 ಡೆಸಿಬೆಲ್. ಪ್ಲಗ್ ಇಲ್ಲದವರ ಕಿವಿಗಳಲ್ಲಿ ಶೇಕಡಾ 42ರಲ್ಲಿ ತಾತ್ಕಾಲಿಕ ಕುಸಿತ ಕಂಡಿತು, ಪ್ಲಗ್ ಹಾಕಿದವರಲ್ಲಿ ಶೇಕಡಾ 8ರಲ್ಲಿ. ಗುಂಯ್ ಸದ್ದು ಬಂದದ್ದು ಶೇಕಡಾ 40 ಮತ್ತು 12 ಜನರಿಗೆ. ಕಿವಿಯೊಳಗಿಡುವ ಇಷ್ಟು ಸಣ್ಣ ವಸ್ತುವಿನಿಂದ ಇಷ್ಟು ಲಾಭ ಸಿಗುವುದು ನನ್ನ ವೃತ್ತಿಯಲ್ಲಿ ಅಪರೂಪ.

ಆದರೆ ಹಾಕಿದ್ದನ್ನು ತೆಗೆಯಬೇಡಿ. ಮೊದಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. 100 ಡೆಸಿಬೆಲ್ ಶೋದಲ್ಲಿ ಪ್ಲಗ್ 15 ಡೆಸಿಬೆಲ್ ಇಳಿಸಿದರೆ ಕಿವಿಗೆ ತಲುಪುವುದು 85. ಎರಡೂವರೆ ಗಂಟೆಗೆ ಒಂದು ದಿನದ ಪಾಲಿನ ಮೂರನೇ ಒಂದು ಭಾಗವೂ ಆಗುವುದಿಲ್ಲ. ಆದರೆ ನಡುವೆ "ಈ ಹಾಡೊಂದನ್ನು ಪೂರ್ತಿ ಕೇಳುತ್ತೇನೆ" ಎಂದು ಬರೀ 15 ನಿಮಿಷ ತೆಗೆದರೂ ಆ 15 ನಿಮಿಷದಲ್ಲೇ ದಿನದ ಪಾಲು ಪೂರ್ತಿ ಮುಗಿಯುತ್ತದೆ. ಮಾತಾಡಬೇಕಾದರೆ ಸಭಾಂಗಣದಿಂದ ಹೊರಗೆ ಬಂದು ಮಾತಾಡಿ. ಮಧ್ಯಂತರದಲ್ಲಿ ಹತ್ತು ಹದಿನೈದು ನಿಮಿಷ ಹೊರಗಿದ್ದರೆ ಕಿವಿಗೂ ಸ್ವಲ್ಪ ಬಿಡುವು.

ಮಗಳ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ದೊಡ್ಡವರಿಗೆ ಅದೇ ಸಂಸ್ಥೆ ಹೇಳುವ 80ಕ್ಕಿಂತ 5 ಕಡಿಮೆ. ಅದೇ ಅರ್ಧರ್ಧದ ಲೆಕ್ಕ ಹಾಕಿದರೆ, 96 ಡೆಸಿಬೆಲ್‌ನಲ್ಲಿ ಬರಿಗಿವಿಯಲ್ಲಿ ಕೂತ ಮಗುವಿನ ವಾರದ ಪಾಲು ಸುಮಾರು 19 ನಿಮಿಷಕ್ಕೆ ಮುಗಿದುಹೋಗುತ್ತದೆ. ಮೂರು ನಾಲ್ಕು ಹಾಡು ಅಷ್ಟೇ. ಫ್ರಾನ್ಸಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆಂದೇ ನಡೆಸುವ ಕಾರ್ಯಕ್ರಮಗಳಿಗೆ ಕಾನೂನೇ 94 ಡೆಸಿಬೆಲ್ ಮಿತಿ ಹಾಕಿದೆ, ದೊಡ್ಡವರ ಕಾರ್ಯಕ್ರಮಕ್ಕೆ ಅಲ್ಲಿ 102 ಇದೆ.

ಒಂಬತ್ತು ವರ್ಷದವಳ ಕಿವಿಯ ದಾರಿ ಸಣ್ಣದು. ದೊಡ್ಡವರ ಫೋಮ್ ಪ್ಲಗ್ ಒಳಗೆ ಕೂರುವುದಿಲ್ಲ, ಹೊರಗೆ ಜಾರುತ್ತದೆ. ಅವಳಿಗೆ ಮಕ್ಕಳ ಅಳತೆಯ ಇಯರ್‌ಮಫ್ ಕೊಡಿಸಿ. ಹಾಡು ಕೇಳುವ ಹೆಡ್‌ಫೋನ್ ಅಲ್ಲ, ಸದ್ದು ತಡೆಯಲೆಂದೇ ಮಾಡಿದ್ದು. ನೋಡಿದ ಕೂಡಲೇ ಅವಳು ಹಾಕಿಕೊಂಡಿದ್ದಾಳಾ ಇಲ್ಲವಾ ಎಂದು ನಿಮಗೆ ಗೊತ್ತಾಗುತ್ತದೆ, ಇದು ಅದರ ದೊಡ್ಡ ಅನುಕೂಲ. ಮಫ್‌ನ ಮೆತ್ತೆ ಚರ್ಮಕ್ಕೆ ಅಂಟಿ ಕೂರಬೇಕು. ನಡುವೆ ಕೂದಲು, ಹೇರ್‌ಬ್ಯಾಂಡ್, ಟೋಪಿಯ ಅಂಚು, ಕನ್ನಡಕದ ಕಡ್ಡಿ ಬಂದರೆ ಸದ್ದು ಅಲ್ಲಿಂದ ನುಗ್ಗುತ್ತದೆ. ಶೋಗೆ ಒಂದು ವಾರ ಮುಂಚೆಯೇ ತಂದು ಮನೆಯಲ್ಲಿ ಒಂದು ಗಂಟೆ ಹಾಕಿಸಿ ಅಭ್ಯಾಸ ಮಾಡಿಸಿ. ತಲೆ ಬಿಗಿಯುತ್ತದೆಯಾ, ಕಿವಿ ಬೆವರುತ್ತದೆಯಾ ಎಂದು ಅಲ್ಲೇ ಗೊತ್ತಾಗಲಿ. ನೀವಿಬ್ಬರೂ ಪ್ಲಗ್ ಹಾಕಿಕೊಳ್ಳದೆ ಅವಳಿಗೆ ಮಾತ್ರ ಹಾಕಿದರೆ ಅರ್ಧ ಗಂಟೆಯಲ್ಲಿ ತೆಗೆದುಹಾಕುತ್ತಾಳೆ. ಮಕ್ಕಳು ನೋಡುವುದು ನಮ್ಮನ್ನೇ.

ಹೊರಗೆ ಹೋಗಲು ಸುಲಭವಾಗುವ ಹಾಗೆ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಕಿವಿ ನೋಯುತ್ತದೆ, ಗುಂಯ್ ಅನ್ನುತ್ತದೆ, ತಲೆ ಸುತ್ತುತ್ತದೆ ಎಂದು ಅವಳು ಹೇಳಿದರೆ ಅದನ್ನು ನೆಪ ಎಂದುಕೊಳ್ಳಬೇಡಿ, ಎದ್ದು ಹೊರಡಿ. ಯಾರು ಅವಳ ಜೊತೆ ಹೋಗುವುದು ಎಂದು ಮನೆಯಲ್ಲೇ ಮಾತಾಡಿಕೊಂಡಿರಿ. ಬೆಂಕಿಯ ಜ್ವಾಲೆ, ಪಟಾಕಿಯಂಥ ಸ್ಫೋಟ ಇದ್ದರೆ ಅದರ ಸದ್ದು ಒಂದೇ ಕ್ಷಣದಲ್ಲಿ ತುಂಬಾ ಎತ್ತರಕ್ಕೆ ಏರುತ್ತದೆ. ವೇದಿಕೆಯಿಂದ ದೂರ ಇರಲು ಅದೂ ಒಂದು ಕಾರಣ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಮಿಣಮಿಣ ಬೆಳಕಿನ ಬಗ್ಗೆ ಅವರ ವೈದ್ಯರನ್ನು ಮೊದಲೇ ಕೇಳಿ. ಅಪಸ್ಮಾರ ಇರುವವರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಬೆಳಕಿನಿಂದಲೇ ಫಿಟ್ಸ್ ಬರಬಹುದು. ಕೈಗೂಸು ಇರುವ ಬೇರೆ ಓದುಗರಿಗೆ ಒಂದೇ ಮಾತು: ಮಫ್ ಹಾಕಿದರೂ ಕೂಸನ್ನು ಇಂಥಲ್ಲಿಗೆ ಕರೆದೊಯ್ಯಬೇಡಿ.

ಮಾವನವರ ಬಗ್ಗೆ. "ಹೇಗೂ ಕಿವಿ ಕೇಳಲ್ಲ, ಜೋರಿದ್ದರೇನು" ಎಂದು ಮನೆಮಂದಿ ಹೇಳುವುದನ್ನು ತುಂಬಾ ಸಲ ಕೇಳಿದ್ದೇನೆ. ಇದು ಪೂರ್ತಿ ತಪ್ಪು. ಅವರಿಗೆ ಉಳಿದಿರುವುದೇ ಸ್ವಲ್ಪ, ಅದನ್ನು ಕಾಪಾಡುವುದು ಇನ್ನೂ ಮುಖ್ಯ. ಒಳಗಿವಿಯ ತೊಂದರೆ ಇರುವವರಿಗೆ ಸಣ್ಣ ಸದ್ದು ಕೇಳದಿದ್ದರೂ ಜೋರು ಸದ್ದು ನಮ್ಮಷ್ಟೇ ಜೋರಾಗಿ ಕೇಳುತ್ತದೆ, ಒಮ್ಮೊಮ್ಮೆ ನಮಗಿಂತ ಹೆಚ್ಚು ಕಿರಿಕಿರಿಯಾಗುತ್ತದೆ. ಹಿಯರಿಂಗ್ ಏಡ್ ಒಂದು ಮಿತಿಗಿಂತ ಹೆಚ್ಚು ಸದ್ದು ಕೊಡದ ಹಾಗೆ ಹೊಂದಿಸಿರುತ್ತಾರೆ, ನಿಜ. ಆದರೆ ಹೊರಗಿನಿಂದ ನೇರವಾಗಿ ನುಗ್ಗುವ ಸದ್ದನ್ನು ಅದು ತಡೆಯುವುದಿಲ್ಲ, ಅದರಲ್ಲೂ ತೂತಿರುವ ಮೆತ್ತನೆಯ ತುದಿಯ ಏಡ್ ಆದರೆ. ಆಫ್ ಮಾಡಿ ಹಾಗೇ ಬಿಟ್ಟರೆ ಅದೇ ಪ್ಲಗ್ ಆಗುತ್ತದೆ ಎಂದು ನಂಬುವುದೂ ಬೇಡ. ಏಡ್ ತೆಗೆದು ಡಬ್ಬಿಯಲ್ಲಿಟ್ಟು, ಪ್ಲಗ್ ಅಥವಾ ಮಫ್ ಹಾಕಿಕೊಂಡು ಕೇಳಲಿ. ಮಧ್ಯಂತರದಲ್ಲಿ ಹೊರಗೆ ಬಂದಾಗ ಏಡ್ ಹಾಕಿಕೊಂಡು ನಿಮ್ಮ ಜೊತೆ ಮಾತಾಡಲಿ. ಮಫ್ ಹಾಕಿಯೂ ಏನೂ ಕೇಳದಷ್ಟು ನಷ್ಟ ಇದ್ದರೆ ಅವರ ಏಡ್ ಹೊಂದಿಸುವವರ ಹತ್ತಿರ ಸಂಗೀತಕ್ಕೆಂದೇ ಬೇರೆ ಸೆಟ್ಟಿಂಗ್ ಮಾಡಿಸಬಹುದಾ ಎಂದು ಕೇಳಿ.

ಶೋ ಮುಗಿದ ಮೇಲೆ ಮರುದಿನ ಕಿವಿಗೆ ವಿಶ್ರಾಂತಿ ಕೊಡಿ. ಇಯರ್‌ಫೋನ್ ಬೇಡ, ಗದ್ದಲದ ಜಾಗ ಬೇಡ. ಗುಂಯ್ ಅಂದರೆ ಎಣ್ಣೆ ಬಿಡುವುದು, ಡ್ರಾಪ್ಸ್ ಹಾಕುವುದು, ಕಡ್ಡಿ ಹಾಕಿ ತಿರುವುವುದು ಯಾವುದೂ ಬೇಡ, ಸದ್ದು ಬರುತ್ತಿರುವುದು ಅಲ್ಲಿಂದ ಅಲ್ಲವಲ್ಲ. ರಾತ್ರಿ ನಿದ್ದೆಗೆ ತೊಂದರೆಯಾದರೆ ಫ್ಯಾನಿನ ಸದ್ದು, ಮಳೆಯ ಸದ್ದು ಮೆಲ್ಲಗೆ ಇರಲಿ. ಪೂರ್ತಿ ನಿಶ್ಶಬ್ದದಲ್ಲಿ ಗುಂಯ್ ಇನ್ನೂ ದೊಡ್ಡದಾಗಿ ಕೇಳುತ್ತದೆ. ಕಿವಿ ಮೊರೆತ ನಿಲ್ಲಿಸುತ್ತೇವೆ ಎಂದು ಮಾರುವ ಮಾತ್ರೆಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಗಿಂಕೋ, ಸತು, ಮೆಲಟೋನಿನ್ ಇಂಥವನ್ನು ಕೊಡಬೇಡಿ ಎಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘವೇ 2014ರ ಮಾರ್ಗಸೂಚಿಯಲ್ಲಿ ಹೇಳಿದೆ.

ಎರಡು ದಿನ ಕಳೆದರೂ ಸದ್ದು ಅಥವಾ ಮಂಕು ಹೋಗದಿದ್ದರೆ ಪರೀಕ್ಷೆ ಮಾಡಿಸಿ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳದಂತಾದರೆ, ಜೊತೆಗೆ ತಲೆ ಸುತ್ತಿದರೆ, ಎರಡು ದಿನ ಕಾಯಬೇಡಿ. ಅದೇ ದಿನ ಕಿವಿ ವೈದ್ಯರ ಹತ್ತಿರ ಹೋಗಿ. ಹಠಾತ್ ಶ್ರವಣ ನಷ್ಟ ಎಂಬ ಬೇರೆಯೇ ಕಾಯಿಲೆ ಇದೆ, ಅದು ಶೋ ನೋಡಿದ ಮರುದಿನವೇ ಬಂದರೆ "ನಿನ್ನೆಯ ಸದ್ದಿನಿಂದ" ಎಂದು ಜನ ಸುಮ್ಮನಿದ್ದುಬಿಡುತ್ತಾರೆ. ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಇದೆ. ಮೊದಲ ಎರಡು ವಾರದೊಳಗೆ, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ತಡವಾದರೆ ಪ್ರಯೋಜನ ಕಡಿಮೆಯಾಗುತ್ತಾ ಹೋಗುತ್ತದೆ.

ಇನ್ನು ನಿಮ್ಮ ಮೊದಲ ಆತಂಕ, ಕಳೆದ ವರ್ಷ ಏನಾದರೂ ಉಳಿದುಹೋಯಿತಾ ಅನ್ನುವುದು. ಅದನ್ನು ಊಹಿಸುತ್ತಾ ಕೂರುವ ಬದಲು ಶೋಗೆ ಮುಂಚೆ ಒಂದು ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ನೋಡುವ ಟೆಸ್ಟ್, ಮಾಡಿಸಿ. ನೋವಿಲ್ಲದ ಪರೀಕ್ಷೆ, ಅರ್ಧ ಗಂಟೆಯೂ ಬೇಕಾಗುವುದಿಲ್ಲ. 3,000 ಮತ್ತು 6,000 ಹರ್ಟ್ಸ್ ಕೂಡ ನೋಡಿ ಎಂದು ಕೇಳಿಕೊಳ್ಳಿ, ಕೆಲವು ಕಡೆ ಅವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತದೆ ಎಂಬ ಪರೀಕ್ಷೆಯ ಸೌಲಭ್ಯ ಇದ್ದರೆ ಅದನ್ನೂ ಮಾಡಿಸಿ. ವರದಿಯನ್ನು ಜೋಪಾನವಾಗಿಡಿ. ಮುಂದೆ ಯಾವಾಗಲಾದರೂ ಅನುಮಾನ ಬಂದರೆ ಹೋಲಿಸಿ ನೋಡಲು ಅದು ಬೇಕು. ನಿಮ್ಮವರಿಗೂ ಅದೇ ದಿನ ಟೆಸ್ಟ್ ಮಾಡಿಸಿ. ಏನೂ ಆಗಿಲ್ಲ ಅನ್ನುತ್ತಾರಲ್ಲ, ಆಗಿಲ್ಲ ಎಂದು ವರದಿಯಲ್ಲೇ ಬರಲಿ, ನನಗೂ ಸಂತೋಷ. ಟೆಸ್ಟ್‌ಗೆ ಹಿಂದಿನ ದಿನ ಮಾತ್ರ ಇಬ್ಬರೂ ಜೋರು ಸದ್ದಿನಿಂದ ದೂರ ಇರಿ, ಇಲ್ಲದಿದ್ದರೆ ಫಲಿತಾಂಶ ಸರಿಯಾಗಿ ಬರುವುದಿಲ್ಲ.